ಒಂದು ರಾತ್ರಿಯ ಗಂಟುಮೂಟೆ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳುತ್ತಾರೆ. ಮನೆಯಲ್ಲಿ ಮಲಗುವವನಿಗೆ ಈ ಬುದ್ಧಿವಾದ ಸರಿಯೆ. ಆದರೆ ಹಾಸಿಗೆಯನ್ನು ಸುತ್ತಿ ಬೈಸಿಕಲ್ಲಿಗೆ ಕಟ್ಟಿಕೊಂಡು ಹೊರಟವನು ಈ ಗಾದೆಯನ್ನು ತಲೆಕೆಳಗು ಮಾಡಿಕೊಳ್ಳಬೇಕಾಗುತ್ತದೆ. ಅವನು ಮೊದಲು ತನ್ನ ಕಾಲನ್ನು ಅಳೆದು, ಅನಂತರ ಅದಕ್ಕೆ ತಕ್ಕಷ್ಟೇ ಹಾಸಿಗೆಯನ್ನು ಕತ್ತರಿಸಿಕೊಳ್ಳಬೇಕು. ಒಂದು ಗೇಣು ಹೆಚ್ಚಾಯಿತೋ, ಆ ಗೇಣಿನ ಸುಂಕವನ್ನು ದಿಣ್ಣೆ ಹತ್ತುವಾಗ ಅವನ ತೊಡೆಗಳೇ ತೆರಬೇಕು.

ಶನಿವಾರ ಮಧ್ಯಾಹ್ನ ಸೈಕಲ್ ಹತ್ತಿ ಊರಾಚೆ ಇಪ್ಪತ್ತು ಮೂವತ್ತು ಮೈಲಿ ಹೋಗುವುದು, ಒಂದು ತೋಪಿನಲ್ಲಿಯೋ ತೋಟದಲ್ಲಿಯೋ ಒಡೆಯರನ್ನು ಕೇಳಿಕೊಂಡು ಸಣ್ಣ ಡೇರೆ ಹಾಕಿ ಮಲಗುವುದು, ಭಾನುವಾರ ಊಟದ ಹೊತ್ತಿಗೆ ಮನೆ ಸೇರುವುದು - ಈ ವಿನೋದ ಈಗ ನಮ್ಮ ತರುಣರಲ್ಲಿಯೂ ಕೆಲವರಿಗೆ ಹಿಡಿಸಿದೆ. ನನ್ನ ವಿದ್ಯಾರ್ಥಿಗಳಲ್ಲಿಯೇ ಒಬ್ಬಿಬ್ಬರು ಈ ಗೀಳಿನವರಿದ್ದಾರೆ. ಅವರು ಕಂಡ ಸೂರ್ಯೋದಯದ ವರ್ಣನೆ ಎರಡು ಮಾತಿನಲ್ಲಿ ಮುಗಿಯುತ್ತದೆ. ಉಳಿದುದೆಲ್ಲ ಚೀಲದ ಮಾತೇ. ಏನನ್ನು ಇಡಬೇಕು, ಎಲ್ಲಿ ಇಡಬೇಕು, ಯಾವುದನ್ನು ಬಿಡಬೇಕು ಎಂಬುದು ಅವರೊಳಗೆ ಮುಗಿಯದ ಚರ್ಚೆ. ಶಾಸನಗಳನ್ನೂ ಹಳಗನ್ನಡವನ್ನೂ ಪಾಠ ಹೇಳುವ ನನಗೆ ಈ ಚರ್ಚೆಯಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಚೀಲ ತುಂಬುವ ಈ ಸಣ್ಣ ವಿದ್ಯೆಗೆ ನೂರಿಪ್ಪತ್ತು ವರ್ಷಕ್ಕೂ ಮಿಕ್ಕ ಚರಿತ್ರೆಯುಂಟು. ಆ ಚರಿತ್ರೆಯನ್ನು ಹಿಡಿದು ಹೋದರೆ ನಮ್ಮ ನುಡಿಯ ಒಂದು ಹಳೆಯ ಶಬ್ದ ಎದುರಾಗುತ್ತದೆ. ಆ ಶಬ್ದವೇ ‘ಬಿಟ್ಟಿ’.

ಇಂದು ನಾವು ಬಿಟ್ಟಿ ಎಂದರೆ ಪುಕ್ಕಟೆ ಎಂದು ತಿಳಿಯುತ್ತೇವೆ. ಶಾಸನಗಳ ಕಾಲದಲ್ಲಿ ಅದಕ್ಕೆ ಅಷ್ಟು ಹಗುರವಾದ ಅರ್ಥವಿರಲಿಲ್ಲ. ಸಂಸ್ಕೃತದ ‘ವಿಷ್ಟಿ’ಯ ತದ್ಭವವಾದ ಈ ಮಾತು ಕೂಲಿ ಕೊಡದೆ ಬಲವಂತದಿಂದ ಮಾಡಿಸಿಕೊಳ್ಳುವ ದುಡಿಮೆಯನ್ನು ಹೇಳುತ್ತಿದ್ದಿತು. ಭೂಮಿಯನ್ನು ದತ್ತಿ ಬಿಡುವಾಗ, ಇನ್ನು ಮುಂದೆ ಇಲ್ಲಿಯವರಿಗೆ ಬಿಟ್ಟಿಯ ಬಾಧೆಯಿಲ್ಲವೆಂದು ಬರೆಯಿಸುತ್ತಿದ್ದುದುಂಟು. ಪಡೆದವನಿಗೆ ಪುಕ್ಕಟೆಯಾದುದು ಮಾಡಿದವನಿಗೆ ಪುಕ್ಕಟೆಯಾಗಿರಲಿಲ್ಲವೆಂಬುದನ್ನು ಭಾಷೆ ಕಾಲಕ್ರಮದಲ್ಲಿ ಮರೆಯಿತು. ಪಡೆದವನ ಅರ್ಥವನ್ನೇ ಉಳಿಸಿಕೊಂಡಿತು. ‘ಬಿಟ್ಟಿ ಬೇಗಾರಿ’ ಎಂಬ ಜೋಡುನುಡಿಯಲ್ಲಿ ಮಾತ್ರ ಹಳೆಯ ನೋವು ಇನ್ನೂ ಸ್ವಲ್ಪ ಉಳಿದಿದೆ. ಈ ದುಡಿಮೆಯಲ್ಲಿ ದೊಡ್ಡದೊಂದು ಪಾಲು, ಪಯಣ ಹೊರಟ ದೊಡ್ಡವರ ಗಂಟುಮೂಟೆಯನ್ನು ಹೊರುವುದೇ ಆಗಿದ್ದಿತು.

ದೊಡ್ಡವರ ಪಯಣವೆಂದರೆ ಎಂಥದು? 1837ನೆಯ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಲಾರ್ಡ್ ಆಕ್ಲೆಂಡ್ ಕಲ್ಕತ್ತೆಯಿಂದ ಉತ್ತರ ಹಿಂದೂಸ್ಥಾನದ ಸಂಚಾರಕ್ಕೆ ಹೊರಟನು. ಜೊತೆಯಲ್ಲಿದ್ದ ಆತನ ಸೋದರಿ ಎಮಿಲಿ ಈಡನ್ ಬರೆದ ಕಾಗದಗಳು 1866ರಲ್ಲಿ ಪುಸ್ತಕವಾಗಿ ಅಚ್ಚಾದುವು. ಆಕೆ ಕೊಡುವ ಲೆಕ್ಕದಂತೆ ಆ ಪಾಳೆಯದಲ್ಲಿ 850 ಒಂಟೆಗಳು, 140 ಆನೆಗಳು, ನೂರಾರು ಕುದುರೆಗಳು. ಜನರು ಸುಮಾರು 12,000. ಸಣ್ಣ ಅಧಿಕಾರಿಗಳ ಸಂಚಾರವೂ ತಕ್ಕಮಟ್ಟಿಗೆ ಇದೇ ರೀತಿಯದೇ. ಎರಡು ಜೊತೆ ಡೇರೆಗಳನ್ನು ಇಟ್ಟುಕೊಂಡು, ದೊರೆ ಒಂದರಲ್ಲಿ ಮಲಗಿರುವಾಗಲೇ ಇನ್ನೊಂದನ್ನು ಮುಂದಿನ ಬಿಡಾರಕ್ಕೆ ಸಾಗಿಸುವುದು ವಾಡಿಕೆಯಾಗಿತ್ತು. ಮೇಜು, ಕುರ್ಚಿ, ಸ್ನಾನದ ತೊಟ್ಟಿ, ಗಾಜಿನ ದೀಪ ಎಲ್ಲವೂ ಹೊರಡುತ್ತಿದ್ದುವು. ಇಷ್ಟೆಲ್ಲ ಬೇಕೆ ಎಂಬ ಪ್ರಶ್ನೆ ಅಲ್ಲಿ ಹುಟ್ಟುವಂತಿರಲಿಲ್ಲ. ಸಾಮಾನನ್ನು ಆರಿಸುವವನು ಒಬ್ಬ, ಹೊರುವವನು ಇನ್ನೊಬ್ಬ. ಇನ್ನೊಬ್ಬನ ತಲೆಯ ಮೇಲಿನ ಭಾರವನ್ನು ಯಾರೂ ತಕ್ಕಡಿಯಲ್ಲಿಟ್ಟು ತೂಗುವುದಿಲ್ಲ.

ಆರಿಸುವವನೂ ಹೊರುವವನೂ ಒಬ್ಬನೇ ಆದಾಗ ಏನಾಗುತ್ತದೆಂಬುದನ್ನು ತೋರಿಸಿಕೊಟ್ಟುದು ಬೈಸಿಕಲ್ಲು. 1817ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಎಂಬಾತ ಕಾಲಿನಿಂದ ನೆಲವನ್ನು ಒದೆಯುತ್ತ ಓಡಿಸುವ ಎರಡು ಚಕ್ರದ ಬಂಡಿಯನ್ನು ಮಾಡಿದ. ಮುಂದೆ ಪೆಡಲು ಬಂದಿತು. ಅದರ ಹಿಂದೆಯೇ, ಮುಂದೊಂದು ಆಳೆತ್ತರದ ಚಕ್ರವೂ ಹಿಂದೊಂದು ಪುಟ್ಟ ಚಕ್ರವೂ ಉಳ್ಳ ವಿಚಿತ್ರ ವಾಹನ ಬಂದಿತು. ಥಾಮಸ್ ಸ್ಟೀವನ್ಸ್ ಎಂಬ ಸಾಹಸಿ 1884ರಲ್ಲಿ ಅಮೆರಿಕವನ್ನು ಒಂದು ಕಡಲಿನಿಂದ ಇನ್ನೊಂದು ಕಡಲಿನವರೆಗೆ ದಾಟಿದುದು ಇಂಥ ವಾಹನದ ಮೇಲೆಯೇ. ಕಾಲುಚೀಲಗಳು, ಇನ್ನೊಂದು ಅಂಗಿ, ಒಂದು ಮಳೆಕೋಟು, ಒಂದು ಪಿಸ್ತೂಲು - ಇಷ್ಟೇ ಅವನ ಆಸ್ತಿ. ಮಳೆಕೋಟೇ ಅವನಿಗೆ ಡೇರೆ, ಅದೇ ಹಾಸಿಗೆ. ಅಲ್ಲಿಗೆ ನಿಲ್ಲದೆ ಆತ ಭೂಪ್ರದಕ್ಷಿಣೆಯನ್ನೇ ಕೈಗೊಂಡ. 1886ರ ಬೇಸಗೆ ಮಳೆಗಾಲಗಳಲ್ಲಿ ಲಾಹೋರಿನಿಂದ ಕಲ್ಕತ್ತೆಯವರೆಗೆ ಗ್ರಾಂಡ್ ಟ್ರಂಕ್ ರಸ್ತೆಯಲ್ಲಿ ಬಂದು, ಅದೇ ವರ್ಷದ ಡಿಸೆಂಬರಿನಲ್ಲಿ ಜಪಾನಿನ ಯೊಕೊಹಾಮದಲ್ಲಿ ಯಾತ್ರೆಯನ್ನು ಮುಗಿಸಿದ. ಆಕ್ಲೆಂಡನ ಆನೆ ಒಂಟೆಗಳು ನಡೆದ ಸೀಮೆಯಲ್ಲಿಯೇ ಐವತ್ತು ವರ್ಷಗಳೊಳಗೆ ಒಬ್ಬ ಬಿಳಿಯ ಮನುಷ್ಯ ಒಂದೇ ಅಂಗಿಯ ಗಂಟಿನೊಡನೆ ಸಾಗಿದನೆಂಬುದು ನೆನೆಯತಕ್ಕ ಸಂಗತಿ.

ಆದರೆ ಸ್ಟೀವನ್ಸ್ ಸಾಹಸಿ. ಎಲ್ಲರೂ ಹಾಗೆ ಹೊರಡಲಾರರು. ಸಾಮಾನ್ಯನಿಗೆ ಮೂರು ಅನುಕೂಲಗಳು ಕೂಡಿಬರಬೇಕಾಗಿದ್ದುವು. ಮೊದಲನೆಯದು ತಗ್ಗಿನ ಸೈಕಲ್ಲು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಸೈಕಲ್ಲು ಬಂದಿತು. ಹೆಚ್ಚುಕಡಿಮೆ ಸಮನಾದ ಎರಡು ಚಕ್ರಗಳ ನಡುವೆ ಸವಾರ ಕುಳಿತಾಗ, ಆಸನದ ಹಿಂದೆ, ಚಕ್ರದ ಇಕ್ಕೆಲಗಳಲ್ಲಿ ಸಾಮಾನಿಗೂ ಎಡೆ ದೊರೆಯಿತು. ಎರಡನೆಯದು 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಮಾಡಿದ ಗಾಳಿ ತುಂಬಿದ ಟೈರು. ಕಲ್ಲುದಾರಿಯ ಕುಲುಕಾಟವನ್ನು ಅದು ತಗ್ಗಿಸಿತು. ಮೂರನೆಯದು ಬಿಡುವು. ಇಂಗ್ಲೆಂಡಿನ 1850ರ ಕಾರ್ಖಾನೆ ಕಾಯಿದೆ ನೂಲುವ ನೇಯುವ ಗಿರಣಿಗಳ ಹೆಂಗಸರಿಗೂ ಎಳೆಯರಿಗೂ ಶನಿವಾರ ಮಧ್ಯಾಹ್ನ ಎರಡು ಗಂಟೆಯ ಮೇಲೆ ಕೆಲಸವಿರಬಾರದೆಂದು ವಿಧಿಸಿತ್ತು. ಆ ಅರ್ಧದಿನದ ರಜೆ ಮುಂದೆ ಇತರರಿಗೂ ಹಬ್ಬಿತು. ಶನಿವಾರದ ಮಧ್ಯಾಹ್ನಕ್ಕೂ ಸೋಮವಾರದ ಬೆಳಿಗ್ಗೆಗೂ ನಡುವೆ ಒಂದು ಪೂರ್ಣ ಸ್ವತಂತ್ರ ರಾತ್ರಿ - ಶನಿವಾರದ ರಾತ್ರಿ - ದುಡಿಯುವವನ ಪಾಲಿಗೆ ಬಂದಿತು. ಒಂದು ರಾತ್ರಿಯ ಬಿಡಾರವೆಂಬ ಕಲ್ಪನೆಯ ಬೇರು ಇಲ್ಲಿದೆ.

ಈ ಮೂರನ್ನೂ ಕೂಡಿಸಿ ಹೊಲಿದವನು ಒಬ್ಬ ದರ್ಜಿ. ಇದು ಅಲಂಕಾರದ ಮಾತಲ್ಲ. ಥಾಮಸ್ ಹೈರಮ್ ಹೋಲ್ಡಿಂಗ್ ಎಂಬಾತನ ಕಸುಬೇ ದರ್ಜಿಯದು. 1844ರಲ್ಲಿ ಹುಟ್ಟಿದ ಈತ 1853ರಲ್ಲಿ, ಇನ್ನೂ ಬಾಲಕನಾಗಿರುವಾಗ, ಮುನ್ನೂರು ಜನರ ಬಂಡಿಗಳ ಸಾಲಿನಲ್ಲಿ ಅಮೆರಿಕದ ಹುಲ್ಲುಗಾವಲಿನ ಸೀಮೆಯನ್ನು 1,200 ಮೈಲಿಗಳಷ್ಟು ದಾಟಿದ್ದ. ಬೆಳೆದ ಮೇಲೆ ಇಂಗ್ಲೆಂಡಿನಲ್ಲಿ ದರ್ಜಿಯಾಗಿ ಹೆಸರು ಪಡೆದು, ಸೈನ್ಯ, ನೌಕಾಬಲ ಮತ್ತು ರಾಜಸಭೆಯ ಸಮವಸ್ತ್ರಗಳನ್ನು ಕತ್ತರಿಸಿ ಹೊಲಿಯುವುದು ಹೇಗೆಂದು 1894ರಲ್ಲಿ ಒಂದು ಗ್ರಂಥವನ್ನೇ ಬರೆದ. ಜರತಾರಿಯ ಭಾರಿ ಉಡುಪುಗಳನ್ನು ಬಲ್ಲ ಆ ಕೈಯೇ ಅಂದಿನ ಕಾಲಕ್ಕೆ ಅತ್ಯಂತ ಹಗುರವಾದ ಡೇರೆಗಳನ್ನೂ ಹೊಲಿದುದು ಒಂದು ಸೋಜಿಗ. 1877ರಲ್ಲಿ ಆತ ಸ್ಕಾಟ್ಲೆಂಡಿನ ನೀರುಗಳಲ್ಲಿ ಕಿರುದೋಣಿಯೊಡನೆ ಬಿಡಾರ ಮಾಡುತ್ತ ಸುತ್ತಿದ. ಅನಂತರ ಸೈಕಲ್ಲಿಗೆ ಮನಸೋತು, ಗೆಳೆಯರೊಡನೆ ಐರ್ಲೆಂಡಿನ ಕಾನೆಮಾರಾ ಪ್ರಾಂತದಲ್ಲಿ ಡೇರೆ ಕಟ್ಟಿಕೊಂಡು ಸಂಚರಿಸಿ, ಆ ಅನುಭವವನ್ನು 1898ರಲ್ಲಿ ಪುಸ್ತಕವಾಗಿ ಪ್ರಕಟಿಸಿದ.

ಆ ಪುಸ್ತಕದಿಂದ ಸಮಾನಮನಸ್ಕರು ಒಟ್ಟುಗೂಡಿದರು. 1901ರಲ್ಲಿ ಸೈಕಲ್ ಬಿಡಾರಿಗರ ಸಂಘ ಸ್ಥಾಪನೆಯಾಯಿತು. ಮೊದಲ ಬಿಡಾರಕ್ಕೆ ವಾಂಟೇಜ್ ಎಂಬ ಊರಿನಲ್ಲಿ ನೆರೆದವರು ಬೆರಳೆಣಿಕೆಯಷ್ಟು ಜನ. 1906ರಲ್ಲಿ ಸಂಘ ವೇಬ್ರಿಜ್‌ನಲ್ಲಿ ತನ್ನದೇ ಬಿಡಾರದ ಬಯಲನ್ನು ತೆರೆಯುವ ಹೊತ್ತಿಗೆ ಸದಸ್ಯರ ಸಂಖ್ಯೆ ಕೆಲವು ನೂರಕ್ಕೆ ಏರಿತ್ತು. 1908ರಲ್ಲಿ ಹೋಲ್ಡಿಂಗ್ ಬಿಡಾರಿಗರ ಕೈಪಿಡಿಯನ್ನು ಬರೆದ. ಬೇರೆ ಸಂಘಗಳೊಡನೆ ಕೂಡಿ ಬೆಳೆದ ಈ ಸಂಸ್ಥೆಗೆ ದಕ್ಷಿಣ ಧ್ರುವದ ಸಾಹಸಿ ಕ್ಯಾಪ್ಟನ್ ಸ್ಕಾಟ್ ಅಧ್ಯಕ್ಷನಾಗಿದ್ದ. ಸ್ಕೌಟ್ ಚಳವಳಿಯ ಬೇಡನ್ ಪೊವೆಲ್ 1919ರಲ್ಲಿ ಅಧ್ಯಕ್ಷನಾದ. ಹೋಲ್ಡಿಂಗ್ 1930ರಲ್ಲಿ ತೀರಿಕೊಂಡ. ಅವನ ಸಂಘ ಹೆಸರು ಬದಲಿಸಿಕೊಂಡು ಇಂದಿಗೂ ನಡೆಯುತ್ತಿದೆ.

ಈ ದರ್ಜಿಯ ಸಂಪ್ರದಾಯದಿಂದ ಬಂದ ವಿದ್ಯೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಒಂದು ರಾತ್ರಿಗೆ ಮನುಷ್ಯನಿಗೆ ಬೇಕಾದುದು ನಾಲ್ಕು: ಮೇಲೊಂದು ಮರೆ, ಕೆಳಗೊಂದು ಹಾಸು, ಒಂದು ಒಲೆ, ಇವನ್ನೆಲ್ಲ ಇಡಲೊಂದು ಚೀಲ.

ಮರೆಯೆಂದರೆ ಡೇರೆ. ಸೈನ್ಯದ ದಪ್ಪ ಕ್ಯಾನ್ವಾಸು ಒಣಗಿದ್ದಾಗಲೇ ಭಾರ. ನೆನೆದರಂತೂ ಕೇಳಬೇಕಾದುದೇ ಇಲ್ಲ. ಆದುದರಿಂದ ಹೋಲ್ಡಿಂಗ್ ರೇಷ್ಮೆಯಂಥ ತೆಳುವಾದ, ಆದರೆ ಗಟ್ಟಿಯಾದ ಬಟ್ಟೆಗಳತ್ತ ತಿರುಗಿದ. ಒತ್ತಾಗಿ ನೇಯ್ದ ಬಟ್ಟೆ ಇಳಿಜಾರಾಗಿ ಬಿಗಿದಿದ್ದರೆ ಮಳೆಯ ಹನಿ ಅದರ ಮೇಲೆ ಜಾರಿಹೋಗುತ್ತದೆ. ಒಳಗಿನಿಂದ ಬೆರಳು ತಗುಲಿತೋ, ಅಲ್ಲಿಂದಲೇ ತೊಟ್ಟಿಕ್ಕಲು ಮೊದಲು. ಹೀಗಾಗಿ ಬಟ್ಟೆಯ ಗುಣದಷ್ಟೇ ಅದನ್ನು ಕತ್ತರಿಸುವ ರೀತಿಯೂ ಮುಖ್ಯವಾಯಿತು. ಸುಕ್ಕಿಲ್ಲದಂತೆ ನಿಲ್ಲುವ ಡೇರೆಯನ್ನು ಹೊಲಿಯುವುದಕ್ಕೂ ಸುಕ್ಕಿಲ್ಲದಂತೆ ಕೂರುವ ಕೋಟನ್ನು ಹೊಲಿಯುವುದಕ್ಕೂ ಬೇಕಾದ ಕೌಶಲ ಒಂದೇ.

ಹಾಸಿನ ವಿಷಯದಲ್ಲಿ ಹೊಸಬರು ಹೊದಿಕೆಯನ್ನೇ ಚಿಂತಿಸುತ್ತಾರೆ. ಚಳಿ ಬರುವುದು ಮೇಲಿನಿಂದ ಮಾತ್ರವಲ್ಲ, ನೆಲದಿಂದಲೂ ಬರುತ್ತದೆ. ನಮ್ಮನ್ನು ಬೆಚ್ಚಗಿಡುವುದು ಹತ್ತಿಯೂ ಅಲ್ಲ, ಉಣ್ಣೆಯೂ ಅಲ್ಲ. ಅವುಗಳ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಮೈಯ ಭಾರಕ್ಕೆ ಅಡಿಯ ಹಾಸಿಗೆ ಅಮುಕಿಹೋಗಿ ಗಾಳಿ ಹೊರಟುಹೋದರೆ, ಮೇಲೆ ಎರಡು ಕಂಬಳಿ ಹೊದೆದರೂ ಬೆನ್ನು ನಡುಗುತ್ತದೆ. ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅಡಿಗೆ ಹಾಕಿಕೊಳ್ಳುವ ನಮ್ಮ ಕುರುಬರೂ, ಒಣಹುಲ್ಲಿನ ಮೇಲೆ ಮಲಗುವ ಹೊಲದ ಕಾವಲುಗಾರರೂ ಈ ತತ್ತ್ವವನ್ನು ಯಾವ ಕೈಪಿಡಿಯನ್ನೂ ಓದದೆ ಬಲ್ಲರು.

ಒಲೆಯ ಕಥೆ ನಮ್ಮ ಮನೆಗಳಿಗೂ ಹತ್ತಿರದ್ದು. ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ 1892ರಲ್ಲಿ ರೂಪಿಸಿದ ಪ್ರೈಮಸ್ ಸ್ಟೌ ಬಿಡಾರಿಗರ ನೆಚ್ಚಿನ ಸಂಗಾತಿಯಾಯಿತು. ಸೀಮೆಎಣ್ಣೆಯನ್ನು ಪಂಪು ಹೊಡೆದು ಆವಿಯಾಗಿಸಿ ಉರಿಸುವ ಈ ಒಲೆಗೆ ಹೊಗೆ ಕಡಿಮೆ, ಉರಿ ಹೆಚ್ಚು. ಒಂದು ಕಾಲದಲ್ಲಿ ನಮ್ಮ ನಗರಗಳ ಅಡುಗೆಮನೆಗಳಲ್ಲಿ ಬೆಳಗಿನ ಕಾಫಿಗೆ ಭೋರ್ಗರೆಯುತ್ತಿದ್ದುದೂ ಅದೇ ಜಾತಿಯ ಒಲೆ.

ಇನ್ನು ಚೀಲ. ಸೈಕಲ್ಲಿನ ಹಿಂಬದಿಯ ಚಕ್ರದ ಎರಡು ಕಡೆಯೂ ಇಳಿಬೀಳುವ ಜೋಡಿ ಚೀಲಕ್ಕೆ ಕನ್ನಡದಲ್ಲಿ ಹೊಸ ಹೆಸರು ಹುಡುಕಬೇಕಾಗಿಲ್ಲ. ನಡುವೆ ಬಾಯಿಯುಳ್ಳ, ಎರಡು ತುದಿಯಲ್ಲಿಯೂ ಸರಿಭಾರ ತುಂಬಿ ಹೆಗಲ ಮೇಲೋ ಕುದುರೆಯ ಬೆನ್ನ ಮೇಲೋ ಹಾಕುತ್ತಿದ್ದ ‘ಹಸಿಬೆ’ ನಮ್ಮಲ್ಲಿ ಇದ್ದೇ ಇದೆ. ಹೇರೆತ್ತಿನ ಮೇಲೆ ಧಾನ್ಯದ ಚೀಲಗಳನ್ನು ಜೋಡಿಯಾಗಿ ಹೇರುತ್ತಿದ್ದ ಲಂಬಾಣಿಗಳಿಗೆ ತಿಳಿದಿದ್ದ ನಿಯಮವೇ ಸೈಕಲ್ಲಿಗೂ ಸಲ್ಲುತ್ತದೆ: ಎಡಬಲ ಸಮನಾಗಿರಬೇಕು, ಭಾರವಾದುದು ತಗ್ಗಿನಲ್ಲಿರಬೇಕು, ಯಾವುದೂ ಅಲುಗಾಡಬಾರದು. ಭಾರವಾದ ಗಂಟನ್ನು ಹ್ಯಾಂಡಲಿಗೆ ತೂಗುಹಾಕಿದರೆ ತಿರುವಿನಲ್ಲಿ ಅದು ಸವಾರನ ಮಾತು ಕೇಳದೆ ತನ್ನ ದಾರಿ ಹಿಡಿಯುತ್ತದೆ. ಆಸನದ ಹಿಂದೆ ಕಟ್ಟುವ ಚೀಲವೂ ಉಂಟು. ಇಂಗ್ಲೆಂಡಿನ ಲ್ಯಾಂಕಶೈರಿನ ನೆಲ್ಸನ್ ಎಂಬ ಊರಿನಲ್ಲಿ 1932ರಲ್ಲಿ ವಿಲ್ಫ್ ಕ್ಯಾರಡೈಸ್ ಆರಂಭಿಸಿದ ಕಾರ್ಖಾನೆ ದಪ್ಪ ಹತ್ತಿಬಟ್ಟೆಯ ಇಂಥ ಚೀಲಗಳಿಗೆ ಹೆಸರುವಾಸಿ. ಅಲ್ಲಿ ಹೊಲಿದ ಚೀಲದೊಳಗಿನ ಪಟ್ಟಿಯಲ್ಲಿ ಅದನ್ನು ಹೊಲಿದವರ ಹೆಸರಿರುತ್ತದೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ನಮ್ಮ ಭಾರವನ್ನು ಹೊರಲು ಕೈ ಕೊಟ್ಟವರು ಯಾರೆಂದು ಒಂದು ಚೀಲವಾದರೂ ನೆನೆಸುತ್ತದೆಯಲ್ಲ!

ಹೀಗೆ ನೆನೆಸಬೇಕಾದವರು ಇನ್ನೂ ಅನೇಕರು. ಇಲ್ಲಿಯವರೆಗಿನ ಕಥೆಯನ್ನು ಕೇಳಿದವರಿಗೆ, ಮನುಷ್ಯನು ಸೈಕಲ್ ಹತ್ತಿದ, ತನ್ನ ಹೊರೆಯನ್ನು ತಾನೇ ಹೊತ್ತ, ಅಲ್ಲಿಗೆ ಬಿಟ್ಟಿಯ ಪಾಪ ಕಳೆಯಿತು ಎನ್ನಿಸಬಹುದು. ಚರಿತ್ರೆ ಅಷ್ಟು ಸರಳವಲ್ಲ. ಡನ್‌ಲಪ್‌ನ ಟೈರು ಜನಪ್ರಿಯವಾದೊಡನೆ ಜಗತ್ತಿನಲ್ಲಿ ರಬ್ಬರಿನ ಹಸಿವು ಹುಟ್ಟಿತು. ಆ ಹಸಿವಿಗೆ ಬಲಿಯಾದವರಲ್ಲಿ ಆಫ್ರಿಕದ ಕಾಂಗೊ ಸೀಮೆಯವರು ಮೊದಲಿಗರು. 1885ರಿಂದ 1908ರವರೆಗೆ ಬೆಲ್ಜಿಯಮ್ಮಿನ ದೊರೆ ಎರಡನೆಯ ಲಿಯೊಪೋಲ್ಡನ ಸ್ವಂತ ಆಸ್ತಿಯಂತಿದ್ದ ಆ ನಾಡಿನಲ್ಲಿ, ಕಾಡುಬಳ್ಳಿಗಳಿಂದ ರಬ್ಬರು ಇಳಿಸಿ ತರಬೇಕೆಂದು ಹಳ್ಳಿಗರನ್ನು ಹಿಂಸಿಸಿದರು, ಹೆಂಡಿರನ್ನು ಒತ್ತೆಯಿಟ್ಟುಕೊಂಡರು, ಎಷ್ಟೋ ಮಂದಿಯ ಕೈಗಳನ್ನು ಕತ್ತರಿಸಿದರು. 1904ರಲ್ಲಿ ರೋಜರ್ ಕೇಸ್ಮೆಂಟನ ವರದಿ ಈ ಕ್ರೌರ್ಯವನ್ನು ಲೋಕಕ್ಕೆ ತಿಳಿಸಿತು. ವಾಂಟೇಜಿನ ಬಿಡಾರಿಗರು ದುಷ್ಟರಲ್ಲ. ತಮ್ಮ ಹೊರೆಯನ್ನು ತಾವೇ ಹೊತ್ತ ಸಜ್ಜನರು. ಆದರೆ ಅವರ ಕಾಲದ ಟೈರುಗಳಲ್ಲಿ ದೂರದ ಕಾಡಿನ ಬಿಟ್ಟಿಯೂ ಬೆರೆತಿತ್ತು. ಕಣ್ಣೆದುರಿನ ಕೂಲಿಯ ತಲೆಯಿಂದ ಇಳಿದ ಹೊರೆ, ಕಣ್ಣಿಗೆ ಕಾಣದವರ ತಲೆಯನ್ನು ಏರುವುದುಂಟು.

ನಮ್ಮ ದೇಶದಲ್ಲಿಯಾದರೋ ಕಣ್ಣೆದುರಿನ ಕೂಲಿಯೇ ಇನ್ನೂ ಬಿಡುಗಡೆ ಹೊಂದಿರಲಿಲ್ಲ. ಹಿಮಾಲಯದ ಕುಮಾಊಂ ಸೀಮೆಯಲ್ಲಿ ಸಂಚಾರಕ್ಕೋ ಬೇಟೆಗೋ ಬಂದ ಸಾಹೇಬರ ಸಾಮಾನನ್ನು ಹಳ್ಳಿಗರು ಕೂಲಿಯಿಲ್ಲದೆ ಹೊರಬೇಕಾಗಿತ್ತು. ಯಾರ ಸರದಿ ಎಂದು ದಾಖಲೆ ಇಡಲು ಊರೂರಲ್ಲಿ ಪುಸ್ತಕಗಳಿದ್ದುವು. ‘ಕೂಲಿ ಬೇಗಾರ್’ ಎಂದೇ ಅದರ ಹೆಸರು. 1921ರ ಜನವರಿಯಲ್ಲಿ, ಉತ್ತರಾಯಣದ ಜಾತ್ರೆಗೆ ಬಾಗೇಶ್ವರದಲ್ಲಿ ನೆರೆದ ಸಾವಿರಾರು ಜನ, ಬದರೀದತ್ತ ಪಾಂಡೆ ಮೊದಲಾದವರ ಮುಂದಾಳುತನದಲ್ಲಿ, ಇನ್ನು ಬೇಗಾರಿ ಮಾಡುವುದಿಲ್ಲವೆಂದು ಪ್ರತಿಜ್ಞೆ ಮಾಡಿ ಆ ಪುಸ್ತಕಗಳನ್ನು ಸರಯೂ ನದಿಗೆ ಎಸೆದರು. ಇಂಗ್ಲೆಂಡಿನ ಬಿಡಾರಿಗ ತನ್ನ ಹೊರೆಯನ್ನು ತಾನೇ ಹೊರಲು ಕಲಿತುದು ವಿನೋದಕ್ಕಾಗಿ. ಬಾಗೇಶ್ವರದ ಹಳ್ಳಿಗ ಇನ್ನೊಬ್ಬನ ಹೊರೆಯನ್ನು ಕೆಳಗಿಟ್ಟುದು ಮಾನಕ್ಕಾಗಿ. ಇಪ್ಪತ್ತು ವರ್ಷಗಳ ಅಂತರದಲ್ಲಿ ನಡೆದ ಈ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೇ ಗಂಟುಮೂಟೆಯ ಚರಿತ್ರೆ ಪೂರ್ಣವಾಗುತ್ತದೆಂದು ನನಗೆ ತೋರುತ್ತದೆ. ಬಾಗೇಶ್ವರದ ಮರುವರ್ಷ ಕಳೆದು, 1923ರ ಅಕ್ಟೋಬರಿನಲ್ಲಿ, ಮುಂಬಯಿಯ ಆರು ಮಂದಿ ಪಾರ್ಸಿ ತರುಣರು ಸೈಕಲ್ಲಿನ ಮೇಲೆ ಜಗತ್ತನ್ನು ಸುತ್ತಲು ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭುಮ್ಗರಾ ಎಂಬ ಮೂವರು ಪ್ರದಕ್ಷಿಣೆಯನ್ನು ಮುಗಿಸಿ 1928ರ ಮಾರ್ಚಿನಲ್ಲಿ ಮರಳಿದರು. ತನ್ನ ಗಂಟನ್ನು ತಾನೇ ಕಟ್ಟಿಕೊಂಡು ಹೊರಡುವ ಹಕ್ಕು ಸಾಹೇಬನೊಬ್ಬನದೇ ಅಲ್ಲವೆಂಬುದನ್ನು ಅವರು ತೋರಿಸಿದರು.

ಇಂದು ಈ ವಿದ್ಯೆ ಮತ್ತೆ ಚಿಗುರಿದೆ. ಅಮೆರಿಕದ ಸೈಕಲ್ ತಯಾರಕ ಗ್ರಾಂಟ್ ಪೀಟರ್ಸನ್, ಇಪ್ಪತ್ತನಾಲ್ಕು ಗಂಟೆಗಳೊಳಗೆ ಮುಗಿಯುವ ಒಂದಿರುಳ ಪಯಣಕ್ಕೆ ‘ಎಸ್ ಟ್ವೆಂಟಿಫೋರ್ ಓ’ ಎಂಬ ಅಡ್ಡಹೆಸರು ಕೊಟ್ಟು ಪ್ರಚಾರ ಮಾಡಿದ. ರೇಷ್ಮೆಯ ಬದಲು ನೈಲಾನು, ಬಿದಿರಿನ ಬದಲು ಅಲ್ಯುಮಿನಿಯಮ್, ಸೀಮೆಎಣ್ಣೆಯ ಬದಲು ಗ್ಯಾಸಿನ ಪುಟ್ಟ ಡಬ್ಬಿ ಬಂದಿವೆ. ಸೈಕಲ್ಲಿನ ಚೌಕಟ್ಟಿನ ತ್ರಿಕೋನದೊಳಗೇ ಕೂರುವ ಚೀಲಗಳೂ ಬಂದಿವೆ. ನಿಯಮ ಮಾತ್ರ ಹಳೆಯದೇ.

ನನ್ನ ವಿದ್ಯಾರ್ಥಿಯೊಬ್ಬನ ಪದ್ಧತಿಯನ್ನು ನೋಡಿ ನನಗೆ ಸಂತೋಷವಾಯಿತು. ಹೊರಡುವ ಹಿಂದಿನ ದಿನ ಅವನು ಸಾಮಾನನ್ನೆಲ್ಲ ಚಾಪೆಯ ಮೇಲೆ ಹರಡುತ್ತಾನೆ. ನೀರು, ದೀಪ, ಪಂಕ್ಚರಿನ ತುಣುಕು, ಗಾಳಿಪಂಪು, ಒಂದು ಬೆಚ್ಚನೆಯ ಅಂಗಿ - ಇವುಗಳ ಬಗ್ಗೆ ತರ್ಕವಿಲ್ಲ. ಊಟಕ್ಕೆ ಮನೆಯಿಂದಲೇ ಬುತ್ತಿ; ಬೆಳಿಗ್ಗೆಗೆ ಅವಲಕ್ಕಿ, ಬೆಲ್ಲ. ಒಂದೇ ರಾತ್ರಿಯಾದುದರಿಂದ ಒಲೆಯನ್ನೂ ಬಿಟ್ಟುಬಿಡಬಹುದೆಂಬುದು ಅವನ ವಾದ. ಹುರಿಹಿಟ್ಟು ಕಟ್ಟಿಕೊಂಡು ಹೊರಡುತ್ತಿದ್ದ ನಮ್ಮ ಹಳೆಯ ದಾರಿಹೋಕರು ಕೇಳಿದ್ದರೆ ತಲೆದೂಗುತ್ತಿದ್ದರು. ಇನ್ನುಳಿದ ಒಂದೊಂದು ವಸ್ತುವೂ ಎರಡು ಕೆಲಸ ಮಾಡಬೇಕು: ಪಂಚೆ ಹೊದಿಕೆಯೂ ಆಗಬೇಕು, ಬಟ್ಟೆಯ ಗಂಟು ತಲೆದಿಂಬೂ ಆಗಬೇಕು. ಮರಳಿ ಬಂದ ಮೇಲೆ, ಚೀಲದಿಂದ ಹೊರಗೇ ಬಾರದೆ ಹೋಗಿಬಂದ ವಸ್ತುಗಳನ್ನು ಅವನು ಬೇರೆಯಾಗಿ ಇಡುತ್ತಾನೆ. ಮಳೆಯ ಅಂಗಿ, ಔಷಧಗಳಂಥವನ್ನು ಬಿಟ್ಟರೆ, ಅವು ಮುಂದಿನ ಸಲ ಹೊರಡುವುದಿಲ್ಲ.

ಅವನ ಪಟ್ಟಿಯ ಕೊನೆಯಲ್ಲಿ ಒಂದು ಖಾಲಿ ಚೀಲವೂ ಇದೆ. ಬಿಡಾರದ ಕಸವನ್ನೆಲ್ಲ ಅದರಲ್ಲಿ ತುಂಬಿ ಹಿಂದಕ್ಕೆ ತರುವುದಕ್ಕಂತೆ. ನಮ್ಮ ಬೆಟ್ಟಗಳ ನೆತ್ತಿಯಲ್ಲಿ, ಕೆರೆಗಳ ಏರಿಯ ಮೇಲೆ, ವಿಹಾರಕ್ಕೆ ಬಂದವರು ಬಿಟ್ಟುಹೋದ ಸೀಸೆಗಳನ್ನೂ ಪ್ಲಾಸ್ಟಿಕ್ ತಟ್ಟೆಗಳನ್ನೂ ವಾಚಕರು ಕಂಡಿರಬಹುದು. ಅವನ್ನು ಆರಿಸುವವರು ಯಾರೋ ಇರುತ್ತಾರೆ. ಬೆಳಗಾಗುವುದರೊಳಗೆ ಬಂದು, ಬಾಗಿ, ಆರಿಸಿ, ಹೊತ್ತುಕೊಂಡು ಇಳಿಯುತ್ತಾರೆ. ನಾವು ಹೊತ್ತು ಏರಿದುದನ್ನು ಅವರು ಹೊತ್ತು ಇಳಿಯುವುದಕ್ಕೆ ಹಿಂದಿನವರಾದರೆ ಬಿಟ್ಟಿ ಎನ್ನುತ್ತಿದ್ದರು. ಆ ಖಾಲಿ ಚೀಲದ ತೂಕ ಹೆಚ್ಚೆಂದರೆ ಒಂದು ತೊಲ. ಪಯಣ ಹೊರಡುವ ಎಲ್ಲರ ಗಂಟಿನಲ್ಲಿಯೂ ಅದಕ್ಕೊಂದಿಷ್ಟು ಎಡೆಯಿರಲಿ.